ತೊಟ್ಟಿಲ ಕುರಿ

ಅಮರೇಶ್ವರಿಗೆ ಬೀದರಿನ ಪಶುವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಿದ ಸುದ್ದಿಯನ್ನು ನನಗೆ ಹೇಳಿದವಳು ಅವಳ ಅವ್ವ, ನನ್ನ ತಂಗಿ ಮಾರೆಮ್ಮ. ಗುರುಗುಂಟಾದಿಂದ ಫೋನು ಮಾಡಿ, ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ, "ಅಕ್ಕಾ, ಅಮರಿಗೆ ಸೀಟು ಬಂದೈತಿ" ಎಂದಳು. ಸಿಂಧನೂರಿನ ನನ್ನ ಅಡುಗೆಮನೆಯಲ್ಲಿ ಅನ್ನಕ್ಕೆ ಎಸರಿಟ್ಟು ನಿಂತಿದ್ದೆ. ಸೀಟು ಬಂದರೆ ಅಳುವುದು ಯಾಕೆ ಎಂದು ಕೇಳಿದೆ. ಬರುವ ಸೋಮವಾರದೊಳಗೆ ಫೀಸು ಕಟ್ಟಿ ಕಾಲೇಜಿನಲ್ಲಿ ಹಾಜರಾಗದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ, ಅವಳ ಅಪ್ಪ ಆಗುವುದಿಲ್ಲ ಎಂದುಬಿಟ್ಟಿದ್ದಾನೆ, ಎಂದಳು.

ಮಾರನೆಯ ದಿನ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಮಸ್ಕಿ ದಾಟಿ, ಲಿಂಗಸುಗೂರಿನಲ್ಲಿ ಇಳಿದು, ಗುರುಗುಂಟಾದ ಬಸ್ಸಿಗೆ ಕಾಯುತ್ತಾ ನಿಂತೆ. ನೋಯುವ ಮೊಣಕಾಲು ಹಿಡಿದು ಹತ್ತಿದ ನನ್ನನ್ನು ನೋಡಿ ಕಂಡಕ್ಟರ್ ತನ್ನ ಸೀಟು ಬಿಟ್ಟುಕೊಟ್ಟು ದಾರಿಯುದ್ದಕ್ಕೂ ಬಾಗಿಲ ಹತ್ತಿರ ನಿಂತುಕೊಂಡ. ಇಂಥ ಜನರ ನಡುವೆ ಒಂದು ಹುಡುಗಿಯ ಓದು ನಿಂತುಹೋಗುವುದು ಹೇಗೆ ಸಾಧ್ಯ ಎಂದು ನಾನು ಧೈರ್ಯ ತಂದುಕೊಂಡೆ.

ನನ್ನ ತಂಗಿಯ ಗಂಡ ಕನಕರಾಯ ಕುರಿಗಾರ. ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆಯಲ್ಲಿ ಒಬ್ಬ ಕೆಟ್ಟವನಿದ್ದಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು. ನಾನು ಅಂಗಳಕ್ಕೆ ಕಾಲಿಟ್ಟ ಕೂಡಲೇ ಕಟ್ಟೆಯ ಮೇಲೆ ಕಂಬಳಿ ಹಾಸಿದ, ತಂಬಿಗೆಯನ್ನು ತಾನೇ ಗಲಬರಿಸಿ ನೀರು ತುಂಬಿ ತಂದ, ಜೊತೆಗೆ ಒಂದು ಚೂರು ಬೆಲ್ಲ ಕೊಟ್ಟ. ಬಿಸಿಲಿನಿಂದ ಬಂದವರಿಗೆ ಬರೀ ನೀರು ಕೊಟ್ಟವನಲ್ಲ ಅವನು.

ಬೇಲಿಯೊಳಗೆ ಕುರಿಗಳು ತುಂಬಿದ್ದವು. ಅಷ್ಟು ಮೈತುಂಬಿದ ಕುರಿಗಳನ್ನು ನಾನು ಬಹಳ ದಿನ ನೋಡಿರಲಿಲ್ಲ. ಇವುಗಳಲ್ಲಿ ಸ್ವಲ್ಪ ಮಾರಿದರೆ ಮೊದಲ ವರ್ಷ ಕಳೆಯುತ್ತದಲ್ಲ ಎಂದೆ. ಸರ್ಕಾರದ ವಿದ್ಯಾರ್ಥಿವೇತನ ಬರುತ್ತದೆ, ಆದರೆ ಬರುವುದು ಆಮೇಲೆ. ಫೀಸು, ಹಾಸ್ಟೆಲು, ಪುಸ್ತಕ ಎಲ್ಲದಕ್ಕೂ ಮೊದಲು ಕೈಯಿಂದ ಹಾಕಬೇಕು ಎಂದೂ ವಿವರಿಸಿದೆ.

"ಮಾರಾಕ ನನ್ನವು ಎಲ್ಲ್ಯಾವ ಅಕ್ಕಾರ? ಇವೆಲ್ಲ ಆಕಿವು," ಎಂದ ಕನಕರಾಯ.

ಆಗ ನಾನು ಕುರಿಗಳ ಕಿವಿ ನೋಡಿದೆ. ಎಲ್ಲವಕ್ಕೂ ಎಡಗಿವಿಯ ಅಂಚಿನಲ್ಲಿ ಸಣ್ಣದಾಗಿ ಕತ್ತರಿಸಿದ ಗುರುತು.

ನಮ್ಮ ಮನೆತನಗಳಲ್ಲಿ ಹೆಣ್ಣುಮಗುವನ್ನು ತೊಟ್ಟಿಲಿಗೆ ಹಾಕುವ ದಿನ ತಾಯಿಯ ತವರಿನ ಅಜ್ಜ ತೊಟ್ಟಿಲ ಕಾಲಿಗೆ ಒಂದು ಹೆಣ್ಣು ಮರಿ ಕಟ್ಟುತ್ತಾನೆ. ಅದು ತೊಟ್ಟಿಲ ಕುರಿ. ಅದರ ಎಡಗಿವಿಗೆ ಗುರುತು ಹಾಕುತ್ತಾರೆ. ಅದು ಈದರೆ ಮರಿ ಆ ಹುಡುಗಿಯದು, ಆ ಮರಿಯ ಮರಿಯೂ ಅವಳದು. ಅಪ್ಪನಾದವನು ತನ್ನ ಕುರಿಗಳ ಜೊತೆ ಅವನ್ನೂ ಮೇಯಿಸಬೇಕು, ಕಾಯಬೇಕು. ಅವಳು ಮದುವೆಯಾಗಿ ಹೊರಟಾಗ ಅವು ಅವಳ ಹಿಂದೆ ಹೋಗುತ್ತವೆ. ಬಹಳ ಮಂದಿ ಈಗ ಈ ಲೆಕ್ಕವನ್ನೆಲ್ಲ ಮರೆತಿದ್ದಾರೆ. ಕಷ್ಟ ಬಂದಾಗ ಕಿವಿ ನೋಡುವವರು ಯಾರು? ಕನಕರಾಯ ಮಾತ್ರ ನೋಡುತ್ತಿದ್ದ. ಅಮರಿಯ ಗಂಡು ಮರಿ ಮಾರಿದ ದುಡ್ಡಿನಲ್ಲಿ ಹೆಣ್ಣು ಮರಿ ತಂದು ಅದರ ಕಿವಿಯನ್ನೂ ಕತ್ತರಿಸಿದವನು ಅವನು.

ಅವನ ಸ್ವಂತ ಕುರಿಗಳು ಮಗ ವಿರೇಶನ ಓದಿಗೆ ಹೋಗಿದ್ದವು. ಮೊದಲು ಲಿಂಗಸುಗೂರಿನಲ್ಲಿ ಡಿಗ್ರಿ, ಆಮೇಲೆ ಧಾರವಾಡದಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಕೋಚಿಂಗು. ಒಂದೊಂದು ನೋಟಿಫಿಕೇಶನ್ ಬಂದಾಗಲೂ ಒಂದಷ್ಟು ಕುರಿ ಬೇಲಿ ದಾಟುತ್ತಿದ್ದವು. ಬಲಗಿವಿ ಎಡಗಿವಿ ಎರಡೂ ಇಡಿಯಾಗಿದ್ದ ಕುರಿ ಈಗ ಆ ಬೇಲಿಯೊಳಗೆ ಒಂದೂ ಇರಲಿಲ್ಲ.

"ಅವಳವೇ ಆಗಿದ್ದರೆ ಅವಳ ಓದಿಗೇ ಮಾರು," ಎಂದೆ.

"ಆಕಿವು ಅಂದ್ರ ಆಕಿ ಗಂಡನ ಮನಿಗೆ ಹೋಗೂವಾಗ ಆಕಿ ಹಿಂದ ಹೋಗೂವು. ಅಲ್ಲೀತನಕ ನಾ ಕಾಯಾಂವ ಅಷ್ಟ. ನನ್ನವು ಇದ್ದಿದ್ರ ನೀವು ಕೇಳೂತನಕ ಇರತಿದ್ದಿಲ್ಲ."

ನನ್ನ ಅಪ್ಪ ಮಸ್ಕಿಯ ಕುರಿಗಾರನೇ. ನನ್ನನ್ನು ರಾಯಚೂರಿನಲ್ಲಿ ಬಿ.ಎಸ್ಸಿ. ಓದಿಸಿದ್ದು ಕುರಿ ಮಾರಿಯೇ ಎಂದು ನೆನಪಿಸಿದೆ. ಅದಕ್ಕೆ ಅವನು ತಕ್ಷಣ, "ಮಾವಾರು ತಮ್ಮ ಕುರಿ ಮಾರಿದ್ರು. ನಿಮ್ಮ ತೊಟ್ಟಿಲ ಕುರಿ ಮುಟ್ಟಲಿಲ್ಲ. ನಿಮ್ಮ ಮದವ್ಯಾಗ ನಾನೂ ಸಣ್ಣಾಂವ ಇದ್ದೆ, ಕುರಿ ಹೊಂಟಿದ್ದು ನೋಡೀನಿ," ಎಂದ.

ನಿಜ.

ನನ್ನ ಪೆನ್ಷನ್ ಇದೆ, ನಾನು ಕಟ್ಟುತ್ತೇನೆ ಎಂದೆ. ಅವನು ಕೈ ಮುಗಿದ. ಹೆಂಡತಿಯ ತವರಿನ ರೊಕ್ಕದಲ್ಲಿ ಮಗಳನ್ನು ಓದಿಸಿದ ಎಂದು ಹಟ್ಟಿಯಲ್ಲಿ ಅನ್ನಿಸಿಕೊಳ್ಳಲಾರೆ ಎಂದ. ಬ್ಯಾಂಕಿನ ಸಾಲಕ್ಕೆ ಅಪ್ಪನ ಸಹಿ ಬೇಕು. ತೀರಿಸುವುದು ಗೊತ್ತಿಲ್ಲದ ಸಾಲಕ್ಕೆ ಹೆಬ್ಬೆಟ್ಟು ಒತ್ತುವುದಿಲ್ಲ ಎಂದ. ನಾನು ಮೇಲಿಂದ ಮೇಲೆ ಕೇಳಿದಷ್ಟೂ ಅವನು ಮೆತ್ತಗೆ ಉತ್ತರ ಕೊಟ್ಟ. ಒಂದು ಸಲ ನಕ್ಕ ಕೂಡ.

"ಕುರಿ ಮಾರಿ ಕುರಿ ಡಾಕ್ಟರ್ ಆಗ್ತಾಳಂತ. ಆಮ್ಯಾಲೆ ಯಾವ ಕುರಿಗೆ ಸೂಜಿ ಚುಚ್ಚತಾಳ?"

ಅಮರಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸದೆ, ಅಪ್ಪನಿಗೆ ಕೇಳಿಸಲೆಂದೇ ನನ್ನ ಕಡೆ ತಿರುಗಿ ಹೇಳಿದಳು: "ದೊಡ್ಡವ್ವ, ಅಣ್ಣನ ಪಾಲಿನವು ಅಣ್ಣನ ಸಲುವಾಗಿ ಹೋದವು. ನನ್ನ ಪಾಲಿನವು ಯಾವನೋ ಬರಾಂವನ ಸಲುವಾಗಿ ಮೇಯಾಕತ್ತಾವ."

ಕನಕರಾಯ ಎದ್ದು ಹೋಗಿ ಒಂದು ಕುರಿಯ ಗೊರಸಿನಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು ತೆಗೆಯುತ್ತಾ ಕುಳಿತ. ಮಾರೆಮ್ಮ ಅವರಿಬ್ಬರನ್ನೂ ನೋಡಿ ನನ್ನನ್ನು ನೋಡಿದಳು. ಸೀಟಿನ ಆಯ್ಕೆಯನ್ನು ಕಂಪ್ಯೂಟರಿನಲ್ಲಿ ತುಂಬಿದ್ದು ಧಾರವಾಡದಲ್ಲಿ ಕುಳಿತ ವಿರೇಶನೇ ಎಂದು ಅವಳು ಆಮೇಲೆ ಹೇಳಿದಳು. ಹೊತ್ತು ಮೀರಬಾರದೆಂದು ಊಟ ಬಿಟ್ಟು ಕಂಪ್ಯೂಟರ್ ಅಂಗಡಿಯ ಮುಂದೆ ಸರದಿಯಲ್ಲಿ ನಿಂತಿದ್ದನಂತೆ. ನನಗೆ ಇನ್ನಷ್ಟು ಸಿಟ್ಟು ಬಂತು. ಎಲ್ಲರೂ ಒಳ್ಳೆಯವರೇ, ಸೋಮವಾರ ಮಾತ್ರ ಹತ್ತಿರ ಬರುತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಆ ಇನ್ನೊಂದು ವಿಷಯ ನೆನಪಾಯಿತು. ಬೇಡ ಬೇಡ ಎಂದರೂ ಮಸ್ಕಿಯವರೆಗೆ ಬಿಡಲಿಲ್ಲ.

ತೊಟ್ಟಿಲ ಕುರಿಯನ್ನು ಅಪ್ಪ ಮಾರುವಂತಿಲ್ಲ. ಆದರೆ ಕಟ್ಟಿದ ತವರು ವಾಪಸು ಕೇಳಬಹುದು. ನಾನು ಸಣ್ಣವಳಿದ್ದಾಗ ಒಂದೇ ಒಂದು ಸಲ ಹಾಗೆ ಕೇಳಿದ್ದನ್ನು ಕಂಡಿದ್ದೆ. ನಮ್ಮ ಅತ್ತೆಯ ಮಗಳನ್ನು ಮುದಗಲ್ಲಿನ ಗಂಡನ ಮನೆಯವರು ಹೊಡೆದು ಹೊರಗೆ ಹಾಕಿದ್ದರು. ಅಜ್ಜ ಹೋಗಿ, ಕೆರ ಕಳಚದೆ, ಹೊಸ್ತಿಲ ಹೊರಗೆ ನಿಂತು, "ನಮ್ಮ ತೊಟ್ಟಿಲ ಕುರಿ ನಮಗ ಕೊಡ್ರಿ" ಎಂದು ಕೇಳಿ ತಂದಿದ್ದ. ಹಾಗೆ ಕೇಳಲು ಹೋದವರು ಆ ಮನೆಯಲ್ಲಿ ನೀರು ಮುಟ್ಟುವುದಿಲ್ಲ. ಕೇಳಿದ ಮೇಲೆ ಆ ಮನೆಯವರೂ ಇವರಿಗೆ ನೀರು ಕೊಡುವುದಿಲ್ಲ. ಅದು, ನೀವು ನಮ್ಮ ಹೆಣ್ಣನ್ನು ನೆಟ್ಟಗೆ ನೋಡಿಕೊಳ್ಳಲಿಲ್ಲ ಎಂದು ಹತ್ತು ಜನರ ಮುಂದೆ ಹೇಳಿದ ಹಾಗೆ.

ಕನಕರಾಯನಂಥವನಿಗೆ ಹಾಗೆ ಹೇಳುವುದು. ಆದರೆ ಅವನು ಇಲ್ಲ ಎನ್ನಲಾರದ ಮಾತು ಅದೊಂದೇ.

ಮಸ್ಕಿಯಲ್ಲಿ ಇಳಿದೆ. ಬಸ್‌ ನಿಲ್ದಾಣದ ಹತ್ತಿರ ನನ್ನ ತಮ್ಮ ವೆಂಕೋಬನ ಒಗ್ಗರಣಿ-ಮಿರ್ಚಿ ಹೋಟೆಲು. ಅಪ್ಪ ಸತ್ತ ಮೇಲೆ ತವರು ಎಂದರೆ ಅವನೇ. ಒಗ್ಗರಣೆ ಹಾಕಿದ ಮಂಡಕ್ಕಿಯ ತಟ್ಟೆಯನ್ನು ನನ್ನ ಮುಂದಿಟ್ಟು, ಎರಡು ಮಿರ್ಚಿ ಜಾಸ್ತಿ ಹಾಕಿ, ನಾನು ಹೇಳಿದ್ದನ್ನು ಕೇಳಿದ. ಕೇಳುತ್ತಾ ಕೇಳುತ್ತಾ ಜಾಲರಿ ಸೌಟನ್ನು ಎಣ್ಣೆಯಲ್ಲೇ ಬಿಟ್ಟ.

"ಬೇ ಅಕ್ಕ, ನೀ ಬಿ.ಎಸ್ಸಿ. ಓದಿದ್ದು ಇದಕ್ಕೇನು? ಕನಕರಾಯ ಮಾವ ನಮಗ ಏನ ಮಾಡ್ಯಾನ? ನನ್ನ ಮಗಳ ಕಾಲು ಮುರದಾಗ ಹೆಗಲ ಮ್ಯಾಲ ಹೊತ್ಕೊಂಡು ದವಾಖಾನಿಗೆ ಒಯ್ದಾಂವ ಆಂವ."

ಗೊತ್ತು ಎಂದೆ. ಬೇರೆ ದಾರಿ ಇದ್ದರೆ ಹೇಳು ಎಂದೆ. ಅವನು ಕಾಲೇಜಿನವರಿಗೆ ಒಂದು ವಾರ ಗಡುವು ಕೇಳಿದರೆ ಹೇಗೆ ಎಂದ. ಅದು ಮಿರ್ಚಿಯ ಉದ್ರಿ ಅಲ್ಲ ಎಂದೆ. ಮುಂದಿನ ವರ್ಷ ನೋಡಿದರಾಯಿತು ಎಂದ. ಮುಂದಿನ ವರ್ಷದ ಹೊತ್ತಿಗೆ ಆ ಕುರಿಗಳ ಹಿಂದೆ ಅಮರಿಯೂ ಯಾರದೋ ಮನೆಗೆ ಹೋಗಿರುತ್ತಾಳೆ ಎಂದೆ. ಕನಕರಾಯ ಆಗಲೇ ತುರ್ವಿಹಾಳದ ಕಡೆಯ ಒಂದು ಮನೆಯ ಹೆಸರು ಹೇಳಿದ್ದ.

"ಹಂಗಾರ ನೀನ ಮಾತಾಡು. ನಾ ಬರ್ತೀನಿ, ನಿಂದರ್ತೀನಿ. ನನ್ನ ಬಾಯಾಗ ಆ ಮಾತು ಬರಾಂಗಿಲ್ಲ," ಎಂದ ವೆಂಕೋಬ.

ಮರುದಿನ ಇಬ್ಬರೂ ಗುರುಗುಂಟಾಕ್ಕೆ ಹೋದೆವು. ಮಾರೆಮ್ಮ ಅಂಗಳ ಗುಡಿಸುತ್ತಿದ್ದಳು. ನಮ್ಮನ್ನು ಕಂಡ ಕನಕರಾಯ ಕಂಬಳಿ ಹಾಸಲು ಹೊರಟ. ನಾವು ಹೊಸ್ತಿಲ ಹೊರಗೆ, ಚಪ್ಪಲಿ ಮೆಟ್ಟಿಕೊಂಡೇ ನಿಂತದ್ದನ್ನು ನೋಡಿ ಕಂಬಳಿಯನ್ನು ಅರ್ಧ ಬಿಚ್ಚಿದಲ್ಲಿಗೇ ನಿಲ್ಲಿಸಿದ. ಅಮರಿ ತಂಬಿಗೆ ಹಿಡಿದು ಬಂದಳು. ನಾನು ಬೇಡ ಎಂದು ಕೈ ಮಾಡಿದೆ. ವೆಂಕೋಬ ನೆಲ ನೋಡುತ್ತಿದ್ದ.

"ನಮ್ಮ ತೊಟ್ಟಿಲ ಕುರಿ ನಮಗ ಕೊಡಪ್ಪ, ಕನಕರಾಯ," ಎಂದೆ.

ಪಕ್ಕದ ಮನೆಯ ಹೆಂಗಸೊಬ್ಬಳು ನೀರಿನ ಕೊಡ ಹೊತ್ತು ಹೋಗುತ್ತಿದ್ದವಳು ನಿಂತಳು. ಕನಕರಾಯ ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ನಾ ಏನ ತಪ್ಪ ಮಾಡೀನಿ?" ಎಂದು ಕೇಳಿದ.

ಏನೂ ಮಾಡಿಲ್ಲ ಎಂದು ಹೇಳಿದ್ದರೆ ಕುರಿ ಕೇಳುವ ಹಕ್ಕು ಅಲ್ಲಿಗೇ ಮುಗಿಯುತ್ತಿತ್ತು. ಮಾಡಿದ್ದೀಯ ಎಂದರೆ ಸುಳ್ಳು. ಮಾರೆಮ್ಮ ಪೊರಕೆ ಹಿಡಿದೇ ಗೋಡೆಗೆ ಮುಖ ಮಾಡಿದಳು. ಅಮರಿ ತಂಬಿಗೆಯನ್ನು ನೆಲಕ್ಕಿಟ್ಟು ನನ್ನ ಹತ್ತಿರ ಬಂದು, "ದೊಡ್ಡವ್ವ, ನಮ್ಮಪ್ಪಗ ಹಿಂಗ ಕೇಳಬಾರದಿತ್ತು ನೀ," ಎಂದಳು. ಯಾರಿಗಾಗಿ ಕೇಳಿದೆನೋ ಅವಳೇ. ಅವಳ ಮೇಲೂ ರೇಗಬೇಕೆನಿಸಿತು. ಸೋಮವಾರಕ್ಕೆ ಎಷ್ಟು ದಿನ ಉಳಿದಿದೆ ಎಂದು ಮಾತ್ರ ಅವಳನ್ನು ಕೇಳಿದೆ. ಅವಳು ತಲೆ ತಗ್ಗಿಸಿದಳು.

ಕನಕರಾಯ ಅರ್ಧ ಬಿಚ್ಚಿದ ಕಂಬಳಿಯನ್ನು ಮಡಿಸಿ ಹೆಗಲಿಗೆ ಹಾಕಿಕೊಂಡ. ಟೆಂಪೋ ಮಾಡುತ್ತೇವೆ ಎಂದು ವೆಂಕೋಬ ಮೆಲ್ಲಗೆ ಹೇಳಿದ.

"ಟೆಂಪೋದಾಗ ಮರಿ ತುಳಿದಾಡ್ತಾವ. ನಾ ಹೊಡ್ಕೊಂಡು ಬರ್ತೀನಿ. ನಿಮ್ಮವು ನಿಮ್ಮ ಬಾಗಲಕ ಮುಟ್ಟತಾವ," ಎಂದು ಕನಕರಾಯ ಬೇಲಿಯ ಕಡೆ ನಡೆದ. ತನ್ನವು ಇವಳವು ಎಂದು ಬೇರ್ಪಡಿಸುವ ಕೆಲಸವೇ ಇರಲಿಲ್ಲ. ಬೇಲಿ ತೆರೆದ, ಎಲ್ಲವೂ ಹೊರಗೆ ಬಂದವು.

ಗುರುಗುಂಟಾದಿಂದ ಲಿಂಗಸುಗೂರು, ಅಲ್ಲಿಂದ ಮಸ್ಕಿ; ಕುರಿಯ ಕಾಲಿಗೆ ಅದು ಸಣ್ಣ ದಾರಿಯಲ್ಲ. ಮಸ್ಕಿಯಲ್ಲಿ ವೆಂಕೋಬನ ಮನೆಯಲ್ಲಿ ಕಾಯುತ್ತಾ ನಾನು ಒಂದು ಕಡೆ ಕೂರಲಿಲ್ಲ. ಬಸ್ಸಿನವರು ಯಾರಾದರೂ ಬಂದರೆ ದಾರಿಯಲ್ಲಿ ಕುರಿ ಕಂಡಿರಾ ಎಂದು ಕೇಳುತ್ತಿದ್ದೆ. ಒಬ್ಬ ಡ್ರೈವರ್ ಕಂಡೆ ಎಂದ. ಕುರಿಗಳಿಗಾಗಿ ಬಸ್ಸು ನಿಲ್ಲಿಸಿಕೊಂಡೆ, ಆ ಮನುಷ್ಯ ಸುಸ್ತಾದ ಮರಿಯೊಂದನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡಿದ್ದ, ನೀರಿನ ಬಾಟಲಿ ಕೊಟ್ಟೆ, ಮರಿಗೆ ಕುಡಿಸಿದ, ಎಂದ. ಜೊತೆಗೆ ಒಬ್ಬ ಹುಡುಗಿಯೂ ಕೋಲು ಹಿಡಿದು ನಡೆಯುತ್ತಿದ್ದಾಳೆ ಎಂದ. ಅಮರಿ. ಅಪ್ಪನನ್ನು ಒಬ್ಬನನ್ನೇ ಬಿಟ್ಟಿರಲಿಲ್ಲ.

ಶನಿವಾರ ಮಧ್ಯಾಹ್ನ ಕುರಿಗಳು ವೆಂಕೋಬನ ಮನೆಯ ಹಿಂದಿನ ಬಯಲಿಗೆ ಬಂದವು. ಕನಕರಾಯ ಅವನ್ನು ಬಯಲಲ್ಲಿ ನಿಲ್ಲಿಸಿ, ತಾನು ಆಚೆಯ ಬೇವಿನ ಮರದ ಕೆಳಗೆ ನಮಗೆ ಬೆನ್ನು ಮಾಡಿ ಕುಳಿತ. ವೆಂಕೋಬನ ಹೆಂಡತಿ ಚಹಾ ಒಯ್ದಳು. ಲೋಟ ಅಲ್ಲೇ ನೆಲದ ಮೇಲೆ ಆರಿತು.

ಕುರಿ ವ್ಯಾಪಾರಿ ಜಿಲಾನಿಸಾಬ್ ಮಸ್ಕಿಯವನೇ, ನಮ್ಮ ಅಪ್ಪನ ಕಾಲದಿಂದ ಪರಿಚಯ. ಕುರಿಗಳ ನಡುವೆ ಒಮ್ಮೆ ಅಡ್ಡಾಡಿ ಬೆನ್ನು ಒತ್ತಿ ನೋಡಿ ಬಂದ. ಈ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವಲಿನ ಕೆಳಗೆ ಒಬ್ಬರ ಕೈ ಒಬ್ಬರು ಹಿಡಿದು ಬೆರಳು ಮುಟ್ಟಿ ಹೇಳುತ್ತಾರೆ. ಜಿಲಾನಿಸಾಬ್ ಹೆಗಲ ಮೇಲಿನ ಟವಲನ್ನು ತೆಗೆದು ವೆಂಕೋಬನ ಕೈ ಮೇಲೆ ಹಾಕಿದ. ಎಣ್ಣೆ, ಹಿಟ್ಟು ಬಿಟ್ಟರೆ ವೆಂಕೋಬನಿಗೆ ಬೇರೆ ವ್ಯಾಪಾರ ಗೊತ್ತಿಲ್ಲ. ಜಿಲಾನಿಸಾಬ್ ಏನೋ ಒತ್ತಿದ. ಇವನು ಹೂಂ ಎಂದುಬಿಟ್ಟ. ಜಿಲಾನಿಸಾಬನಿಗೇ ಅಷ್ಟು ಸುಲಭಕ್ಕೆ ಮುಗಿದದ್ದು ಸರಿಕಾಣದೆ, "ಜರಾ ವಿಚಾರ ಮಾಡು ವೆಂಕೋಬ," ಎಂದ.

"ಮಾಡೀನಿ," ಎಂದ ವೆಂಕೋಬ.

ಬೇವಿನ ಮರದ ಕೆಳಗಿನಿಂದ ಕನಕರಾಯ ಎದ್ದು ಬಂದ. ಅವನು ಯಾವಾಗ ತಿರುಗಿ ನೋಡುತ್ತಿದ್ದನೋ ನನಗೆ ಗೊತ್ತಿಲ್ಲ. ಯಾರ ಜೊತೆಗೂ ಮಾತಾಡದೆ ಟವಲಿನ ಕೆಳಗಿನಿಂದ ವೆಂಕೋಬನ ಕೈಯನ್ನು ಹೊರಗೆಳೆದು ತನ್ನ ಕೈ ಇಟ್ಟ. ಜಿಲಾನಿಸಾಬ್ ಅವನ ಮುಖ ನೋಡಿದ. ಟವಲು ಅಲುಗಾಡಿತು, ನಿಂತಿತು, ಮತ್ತೆ ಅಲುಗಾಡಿತು. ಕನಕರಾಯ ತಲೆ ಅಡ್ಡ ಆಡಿಸಿದ. ಅವನು ಮಗಳ ಕುರಿಗಳನ್ನು ಯಾವ ಕಾರಣಕ್ಕೂ ಮಾರುವುದಿಲ್ಲ ಎಂದವನು. ಅಗ್ಗಕ್ಕೆ ಮಾರುವುದನ್ನು ನೋಡುತ್ತಾ ಕೂರುವುದು ಮಾತ್ರ ಅವನಿಂದ ಆಗಲಿಲ್ಲ. ಮೂರನೆಯ ಸಲ ಜಿಲಾನಿಸಾಬ್ ನಿಟ್ಟುಸಿರು ಬಿಟ್ಟು ಕೈ ಹೊರಗೆ ತೆಗೆದು ಎದೆಗೆ ಮುಟ್ಟಿಸಿಕೊಂಡ. ವ್ಯಾಪಾರ ಮುಗಿಯಿತು.

"ಸಾಕಾವ್ರಿಗೆ ಕೊಡ್ರಿ ಸಾಹೇಬ್ರ. ಕೊಯ್ಯಾವ್ರಿಗೆ ಬ್ಯಾಡ," ಎಂದ ಕನಕರಾಯ. ಜಿಲಾನಿಸಾಬ್, ಹೆಣ್ಣು ಕುರಿಗಳನ್ನೆಲ್ಲ ಸಾಕುವವರಿಗೇ ಕೊಡುತ್ತೇನೆ, ಇದು ನನ್ನ ಮಾತು ಎಂದ.

ದುಡ್ಡನ್ನು ಕನಕರಾಯ ಮುಟ್ಟಲಿಲ್ಲ. ಅಮರಿಗೆ ಓಡ್ನಿಯ ಸೆರಗು ಹಿಡಿ ಎಂದ. ಜಿಲಾನಿಸಾಬ್ ಅದರಲ್ಲಿ ಹಾಕಿದ. ಮದುವೆಯಾಗಿ ಹೊರಟ ಹೆಣ್ಣಿನ ಉಡಿ ತುಂಬುವಾಗ ನಿಲ್ಲುವ ಹಾಗೆ ಅವಳು ನಿಂತಿದ್ದಳು, ದಾರಿಯ ಧೂಳು ಮೊಣಕಾಲವರೆಗೆ ಹತ್ತಿತ್ತು.

"ಗಂಡನ ಮನಿಗೆ ಅಂತ ಸಾಕಿದ್ದೆ," ಎಂದ ಕನಕರಾಯ. ಅದು ಬೈಗುಳವೋ ಹರಕೆಯೋ ನನಗೆ ಇನ್ನೂ ತಿಳಿದಿಲ್ಲ. ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್‌ ನಿಲ್ದಾಣದ ಕಡೆ ನಡೆದ. ನಾನು ಹಿಂದೆ ಹಿಂದೆ ಹೋಗಿ, ಒಂದು ಮಾತು ಕೇಳಪ್ಪ ಎಂದೆ. ಅವನು ನನ್ನ ಮೊಣಕಾಲಿನ ನೋವು ಗೊತ್ತಿದ್ದವನು, ನಿಂತ. ನಾನು ತಲುಪುವವರೆಗೆ ನಿಂತ. ಆದರೆ ನಾನು ಏನು ಹೇಳಲಿ? ನಿನ್ನಲ್ಲಿ ತಪ್ಪಿರಲಿಲ್ಲ ಎಂದೆ. "ಹಂಗಾರ ಯಾಕ ಕೇಳಿದ್ರಿ?" ಎಂದು ಬಸ್ಸು ಹತ್ತಿದ.

ಸೋಮವಾರ ಬೀದರಿನಲ್ಲಿ ಅಮರಿಯ ಹೆಸರು ಹಚ್ಚಿದೆವು. ವಿರೇಶ ಧಾರವಾಡದಿಂದ ನೇರವಾಗಿ ಅಲ್ಲಿಗೆ ಬಂದು ತಂಗಿಯ ಟ್ರಂಕನ್ನು ಹಾಸ್ಟೆಲಿನ ಮೆಟ್ಟಿಲ ಮೇಲೆ ಹೊತ್ತ. ಊರಿಗೆ ಹೋಗಿ ಅಪ್ಪನ ಜೊತೆ ನಿಲ್ಲು, ಕೋಚಿಂಗು ಸಾಕು ಎಂದು ಅವನಿಗೆ ಹೇಳಿದೆ. ಅವನು ಬಹಳ ವಿನಯದಿಂದ, "ದೊಡ್ಡವ್ವ, ಇದೊಂದು ಸಲ," ಎಂದ. ಕನಕರಾಯ ಈಗ ದಿನಗೂಲಿಗೆ ಬೇರೆಯವರ ಕುರಿ ಕಾಯುತ್ತಿದ್ದಾನೆ. ಮಗನ ಆ ಇದೊಂದು ಸಲಕ್ಕೆ.

ಮಾರೆಮ್ಮ ಫೋನು ಮಾಡುವುದಿಲ್ಲ. ಮಾಡಿದರೂ ಗಂಡ ಹೊಲದ ಕಡೆ ಹೋದಾಗ, ಬೇಗ ಬೇಗ ಮಾತಾಡಿ ಇಡುತ್ತಾಳೆ. ಅಮರಿ ಹಾಸ್ಟೆಲಿನಿಂದ ಮಾಡುತ್ತಾಳೆ. ಕುರಿಯ ಹೊಟ್ಟೆಯಲ್ಲಿ ನಾಲ್ಕು ಕೋಣೆ ಇರುವುದನ್ನು ಅಪ್ಪ ಕಾಲೇಜಿಗಿಂತ ಮೊದಲೇ ತೋರಿಸಿಕೊಟ್ಟಿದ್ದ ಎನ್ನುತ್ತಾಳೆ.

ಹೋದ ವಾರ ಜಿಲಾನಿಸಾಬ್ ವೆಂಕೋಬನ ಹೋಟೆಲಿಗೆ ಒಂದು ಹೆಣ್ಣು ಮರಿ ತಂದು ಕಟ್ಟಿದನಂತೆ. ಎಡಗಿವಿಯಲ್ಲಿ ಗುರುತಿತ್ತು. ಅಷ್ಟು ಕುರಿ ಕೊಂಡವನು ಕೊಸರು ಕೇಳುವುದು ರೂಢಿ. ಈ ಸಲ ಕೊಸರು ನಾನೇ ಕೊಡುತ್ತಿದ್ದೇನೆ ಎಂದನಂತೆ. ವೆಂಕೋಬ ಫೋನು ಮಾಡಿ ಏನು ಮಾಡಲಿ ಎಂದ. ಗುರುಗುಂಟಾಕ್ಕೆ ಒಯ್ದು ಕೊಡು ಎಂದೆ.

ನಿನ್ನೆ ಅವನು ಮರಿಯನ್ನು ಮೋಟರ್‌ಸೈಕಲ್ಲಿನ ಮೇಲೆ ಚೀಲದಲ್ಲಿ ಕೂರಿಸಿಕೊಂಡು ಹೋಗಿ ಬಂದ. ಕನಕರಾಯ ಮೊದಲು ಕಿವಿ ಮುಟ್ಟಿ ನೋಡಿದನಂತೆ. "ಇದರ ಹಾಲು ಇಷ್ಟ ಜಲ್ದಿ ಬಿಡಿಸಬಾರದಿತ್ತು," ಎಂದು ಗೊಣಗಿ, ಎತ್ತಿಕೊಂಡು ಒಳಗೆ ಹೋದನಂತೆ. ಅಕ್ಕನಿಗೆ ಏನು ಹೇಳಲಿ ಎಂದು ವೆಂಕೋಬ ಬಾಗಿಲಲ್ಲೇ ನಿಂತು ಕೇಳಿದರೆ, ಒಳಗಿನಿಂದಲೇ, "ಏನೂ ಹೇಳಬ್ಯಾಡ," ಎಂದನಂತೆ.

"ನೀರು ಕೊಟ್ಟರೇನೋ ನಿನಗೆ?" ಎಂದು ಕೇಳಿದೆ.

"ಕೊಟ್ಟ," ಎಂದ ವೆಂಕೋಬ. ಫೋನು ಇಡುವ ಮೊದಲು, "ಬರೀ ನೀರು," ಎಂದ.